ಮೇಲಿನ ಗೆರೆ, ಕೆಳಗಿನ ಗೆರೆ

"ಆ ಗೆರೆ ಅಳಿಸಿ," ಎಂದಳು ಅವಳು.

ಷೇರು ದಲ್ಲಾಳಿ ಆಫೀಸಿನ ಡೀಲರ್ ತಿರುಗಿ ನೋಡಿದ. ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡಿದ್ದ. ಪರದೆಯ ಮೇಲೆ ಪೈಪ್ ಕಂಪನಿಯೊಂದರ ಷೇರಿನ ಚಾರ್ಟು ಇತ್ತು.

"ಯಾಕ್ರೀ? ಡೈವರ್ಜೆನ್ಸ್ ಎಷ್ಟು ಚೆನ್ನಾಗಿ ಕಾಣ್ತಿದೆ! ಮೇಲೆ ಬೆಲೆ ಏರಿದೆ, ಕೆಳಗೆ ಅದರ ವೇಗ ಅಳೆಯೋ ಆರ್‌ಎಸ್‌ಐ ಇಳಿದಿದೆ. ಓಟ ಇದೆ, ದಮ್ ಇಲ್ಲ. ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಮಾರಿ ಅನ್ನೋಕೆ ಹೊರಟಿದ್ದೆ."

"ಮೇಲೆ ಗೆರೆ ಎಳೆದಿರೋದು ಈ ವಾರದ ಎರಡು ಶಿಖರಕ್ಕೆ. ಕೆಳಗೆ ಶುರು ಮಾಡಿರೋದು ಹೋದ ತಿಂಗಳಿಂದ. ಅಣ್ಣನ ಅಳತೆ ತಗೊಂಡು ತಮ್ಮನಿಗೆ ಅಂಗಿ ಹೊಲಿಸ್ತೀರಾ?"

ಅವಳು ಬಗ್ಗಿ, ಅವನ ಮೌಸ್ ಹಿಡಿದು, ಕೆಳಗಿನ ಗೆರೆಯನ್ನು ಅದೇ ಎರಡು ದಿನಗಳಿಗೆ ಜೋಡಿಸಿದಳು. ಬೆಲೆಯ ಜೊತೆ ಆರ್‌ಎಸ್‌ಐ ಕೂಡ ಮೇಲಕ್ಕೇ ಹೋಗಿತ್ತು. ಡೈವರ್ಜೆನ್ಸ್ ಇರಲೇ ಇಲ್ಲ.

ಡೀಲರ್ ಮೆಲ್ಲಗೆ ಫೋನು ಕೆಳಗಿಟ್ಟ. "ಹೊಸಬರಾ?"

"ಇವತ್ತಿಂದ. ಚಾರ್ಟ್ ನೋಡೋ ಕೆಲಸ."

"ನೋಡೋದು ಮಾತ್ರಾನಾ, ಬೈಯೋದೂ ಸೇರಿದೆಯಾ?"

"ಬೈಯೋದಕ್ಕೆ ಸಂಬಳ ಬೇರೆ."

ಅವನು ನಕ್ಕ. ಮೊದಲು ಕಣ್ಣಲ್ಲಿ ನಕ್ಕು, ತುಟಿಗೆ ಆಮೇಲೆ ಸುದ್ದಿ ಮುಟ್ಟಿಸುವಂಥ ನಗು. ಮಧ್ಯಾಹ್ನದೊಳಗೆ ಇಡೀ ಆಫೀಸು ಅವಳನ್ನು ಚಾರ್ಟಮ್ಮ ಎಂದು ಕರೆಯತೊಡಗಿತ್ತು.

ಮಾರುಕಟ್ಟೆ ಮುಚ್ಚಿದ ಮೇಲೆ ಆ ಕೋಣೆಗೆ ಬೇರೆಯೇ ಬೆಳಕು ಬರುತ್ತಿತ್ತು. ದಿನವಿಡೀ ಕೂಗಾಡಿದ ಫೋನುಗಳು ಸುಸ್ತಾಗಿ ಮಲಗಿರುತ್ತಿದ್ದವು. ಕಿಟಕಿಯ ಪಕ್ಕ ಇಬ್ಬರೂ ಪೇಪರ್ ಲೋಟದಲ್ಲಿ ಚಹಾ ಹಿಡಿದು ನಿಲ್ಲುತ್ತಿದ್ದರು. ಅವನು ಪಾಠ ಕೇಳುವ ನೆಪದಲ್ಲಿ ಬರುತ್ತಿದ್ದ, ಅವಳು ಅದು ನೆಪವೆಂದು ಗೊತ್ತಿದ್ದೂ ಹೇಳಿಕೊಡುತ್ತಿದ್ದಳು.

"ಡೈವರ್ಜೆನ್ಸ್ ನಿಜವಾಗಿ ಕಂಡ್ರೆ ತಕ್ಷಣ ಮಾರಬೇಕು ಅಲ್ವಾ ಮೇಡಂ?"

"ಅಲ್ಲ. ಅದು ಬರೀ ಎಚ್ಚರಿಕೆ. ಒಳಗೆ ಏನೋ ಬದಲಾಗಿದೆ ಅನ್ನುತ್ತೆ. ಯಾಕೆ ಅಂತ ಹೇಳಲ್ಲ. ಬೆಲೆಯೇ ತಿರುಗೋ ತನಕ ಕಾಯಬೇಕು."

"ಕಾಯೋದು ನನಗೆ ಚೆನ್ನಾಗಿ ಬರುತ್ತೆ," ಎಂದ ಅವನು, ಲೋಟದ ಅಂಚಿನ ಮೇಲಿನಿಂದ ಅವಳನ್ನೇ ನೋಡುತ್ತಾ. ಅವಳು ಹೊರಗಿನ ಟ್ರಾಫಿಕ್ ನೋಡಿದಳು. ಕಿವಿಯ ತುದಿ ಬೆಚ್ಚಗಾಗಿತ್ತು.

ಆಮೇಲೆ ಬಸ್‌ಸ್ಟಾಪಿನವರೆಗೆ ಜೊತೆಯಾಗಿ ನಡೆಯುವುದು ಅಭ್ಯಾಸವಾಯಿತು. ಇದ್ದದ್ದು ಚಿಕ್ಕ ದಾರಿ. ಇಬ್ಬರೂ ಅದನ್ನು ಉದ್ದ ಮಾಡುವ ಕಲೆ ಕಲಿತರು.

ಅವಳಿಗೆ ಹಿಂದೊಮ್ಮೆ ಮದುವೆ ನಿಶ್ಚಯವಾಗಿತ್ತು. ಆಗ ಅವಳನ್ನು ಯಾರೂ ಕೇಳಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದಳು, ಅದನ್ನು ನಾಚಿಕೆ ಎಂದು ಓದಿದರು. ಊಟ ಬಿಟ್ಟಳು, ತವರು ಬಿಡುವ ಸಂಕಟ ಎಂದರು. ಕೊನೆಗೆ ಅವಳೇ ಎದ್ದು ನಿಂತು ಬೇಡ ಎಂದಾಗ, ಇಷ್ಟು ದಿನ ಬಾಯಿ ಇರಲಿಲ್ಲವಾ ಎಂದು ಸೋದರಮಾವ ಮೈಮೇಲೆ ಏರಿ ಬಂದಿದ್ದ. ಹೆಣ್ಣಿನ ಮುಖ, ನಡೆ, ಉಡುಪು, ಮೌನ ಎಲ್ಲವನ್ನೂ ಓದಲು ಈ ಲೋಕಕ್ಕೆ ಪುರಸೊತ್ತಿದೆ. ನಿನಗೇನು ಬೇಕು ಎಂದು ಒಂದು ಮಾತು ಕೇಳಲು ಮಾತ್ರ ನಾಲಿಗೆ ಸೋಲುತ್ತದೆ.

ಈಗ ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಕೆಲವು ತಿಂಗಳ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ, ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಏನೇ, ಇತ್ತೀಚೆಗೆ ಬೇಗ ಮನೆ ಸೇರ್ತೀಯಂತೆ? ಡೀಲರ್ ಸಾಹೇಬರ ಪಾದಯಾತ್ರೆ ರದ್ದಾಯ್ತಾ?"

"ಅವರು ಏನೂ ಕೇಳಲ್ಲ ಅಕ್ಕಾ."

"ನೀನೇ ಹೇಳು ಮತ್ತೆ. ಬಾಯಿಗೆ ಹೊಲಿಗೆ ಹಾಕಿದ್ದಾರಾ?"

"ಹೇಳಬಹುದು. ಆದ್ರೆ ಈ ಜನ್ಮದಲ್ಲಿ ಒಂದು ಸಲ ನನ್ನನ್ನ ಯಾರಾದ್ರೂ ಕೇಳಬೇಕು ಅಂತ ಆಸೆ ಕಣೇ."

ಅಕ್ಕ ತಮಾಷೆ ನಿಲ್ಲಿಸಿ, ತಂಗಿಯ ಕೆನ್ನೆಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

ಅದೇ ದಿನ ಮಧ್ಯಾಹ್ನ, ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಮ್ಯಾನೇಜರು ಬಂದು ಹೇಳಿದರು. "ನಮ್ಮ ಡೀಲರ್ ದೂರದ ಬ್ರಾಂಚಿಗೆ ಹೊರಟ. ತಾನೇ ಬಾಯ್ಬಿಟ್ಟು ಕೇಳ್ಕೊಂಡಿದ್ದಾನೆ. ಸಂಜೆ ಪಕ್ಕಾ ಮಾಡಿದ್ರೆ ಸೋಮವಾರ ಅಲ್ಲಿ."

ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಮರಳಿ ಹಾಕಿದಳು. ಡೀಲರ್ ತನ್ನ ಡಬ್ಬಿಯನ್ನೇ ನೋಡುತ್ತಿದ್ದ.

ಮಾರುಕಟ್ಟೆ ಮುಚ್ಚಿತು. ಕೋಣೆ ಖಾಲಿಯಾಯಿತು. ಅವಳು ಅವನ ಮೇಜಿನೆದುರು ಕುರ್ಚಿ ಎಳೆದು ಕೂತಳು.

"ಯಾಕೆ ಹೋಗ್ತಿದ್ದೀರಿ?"

"ನೀವೇ ಕಲಿಸಿದ್ದು ಮೇಡಂ." ಅವನ ನಗು ಈಗ ಕಣ್ಣಿನ ತನಕ ಬರಲಿಲ್ಲ. "ಒಂದು ತಿಂಗಳಿಂದ ನೋಡ್ತಿದ್ದೀನಿ. ಎಲ್ಲರೆದುರು ನನ್ನ ಜೊತೆ ಮಾತು, ನಗು, ತಮಾಷೆ ದಿನಾ ಜಾಸ್ತಿ. ಆದ್ರೆ ಇಬ್ಬರೇ ಇರೋ ಹೊತ್ತು ದಿನಾ ಕಮ್ಮಿ. ಮೊದಲು ಬಸ್‌ಸ್ಟಾಪ್ ತನಕ ಬರ್ತಿದ್ರಿ, ಆಮೇಲೆ ಬರೀ ಚಹಾ, ಈಗ ಅದೂ ಇಲ್ಲ. ಮೇಲಿನ ಗೆರೆ ಏರ್ತಿದೆ, ಕೆಳಗಿನದು ಇಳೀತಿದೆ. ಬೇಡ ಅಂತ ನಿಮ್ಮ ಬಾಯಲ್ಲಿ ಹೇಳಿಸೋದು ಬೇಡ, ಮರ್ಯಾದೆಯಾಗಿ ನಾನೇ ಹೋಗೋಣ ಅಂದ್ಕೊಂಡೆ."

"ಗೆರೆ ಸರಿಯಾಗೇ ಎಳೆದಿದ್ದೀರಿ," ಎಂದಳು ಅವಳು. ದನಿ ಎತ್ತಲಿಲ್ಲ. "ಆದ್ರೆ ನಾನು ಚಾರ್ಟಾ?"

ಅವಳು ಅವನ ಮೇಜಿನ ಫೋನಿನತ್ತ ಬೆರಳು ತೋರಿಸಿದಳು.

"ಗಿರಾಕಿ ಒಂದೇ ಒಂದು ಷೇರು ತಗೊಂಡ್ರೂ ಕಂಪನಿ ಹೆಸರು, ಬೆಲೆ ಎಲ್ಲ ತಿರುಗಿ ಓದಿ, ಸರೀನಾ ಅಂತ ಕೇಳ್ತೀರಿ. ಹೌದು ಅನ್ನೋ ತನಕ ಬಟನ್ ಒತ್ತಲ್ಲ. ಹೂಂ ಅಂದ್ರೂ ಬಿಡಲ್ಲ, ಬಾಯ್ಬಿಟ್ಟು ಹೌದು ಅನ್ನಿ ಅಂತೀರಿ. ನನ್ನ ವಿಷಯದಲ್ಲಿ ಮಾತ್ರ ನೀವೇ ಓದಿ, ನೀವೇ ತೀರ್ಮಾನ ಮಾಡಿ, ನೀವೇ ಮಾರಿಬಿಟ್ರಿ!"

"ಮತ್ತೆ ಯಾಕೆ ಬೇಗ ಹೋಗ್ತಿದ್ರಿ?" ಕೇಳಿದ ಮೇಲೆ ಅವನಿಗೇ ಹೊಳೆಯಿತು. ಇದು ಅವನು ಅವಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ.

"ದಿನಾ ಬಸ್‌ಸ್ಟಾಪ್ ಹತ್ರ ನಿಂತು, ಇವತ್ತು ಕೇಳ್ತಾರೆ ಅಂದ್ಕೊಳ್ತಿದ್ದೆ. ನೀವು ಬಸ್ ನಂಬರ್ ಹೇಳಿ ಕೈ ಬೀಸ್ತಿದ್ರಿ. ಕಾದೂ ಕಾದೂ ನನಗೇ ನಾಚಿಕೆ ಆಯ್ತು. ಜನರ ಮುಂದೆ ನಗೋದು ಸುಲಭ, ಅಲ್ಲಿ ಏನನ್ನೂ ಕಾಯೋದಿರಲ್ಲ."

ಕಿಟಕಿಯಾಚೆ ಒಂದು ಬಸ್ಸು ಉಸಿರು ಬಿಟ್ಟು ನಿಂತು, ಹೊರಟಿತು. ಅವನು ಮೇಜನ್ನು ಬಳಸಿ ಈ ಕಡೆ ಬಂದ. ಕುರ್ಚಿ ಕಾಣಲಿಲ್ಲವೋ, ಕಂಡೂ ಬೇಡವಾಯಿತೋ, ಅವಳೆದುರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಈಗ ಅವನ ಕಣ್ಣು ಅವಳ ಕಣ್ಣಿಗಿಂತ ತುಸು ಕೆಳಗಿತ್ತು.

"ನನಗೆ ನೀವಂದ್ರೆ ತುಂಬಾ ಇಷ್ಟ," ಎಂದ. ದಿನವಿಡೀ ಗಂಟಲು ಹರಿಯುವಂತೆ ಕೂಗುವವನ ದನಿ ಬತ್ತಿಹೋಗಿತ್ತು. "ನಿಮಗೆ ನಾನು ಇಷ್ಟಾನಾ? ಇಲ್ಲ ಅಂದ್ರೂ ಪರವಾಗಿಲ್ಲ. ಹೇಳಿ, ಕೇಳಿಸ್ಕೊಳ್ತೀನಿ."

ಅವಳು ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ತನ್ನ ಬಳಿಯೇ ಇಟ್ಟುಕೊಂಡಳು. ಎಷ್ಟೋ ವರ್ಷ ಅವಳಿಗೆ ಸಲ್ಲಬೇಕಾಗಿ, ಯಾರೂ ಸಲ್ಲಿಸದೆ ಉಳಿದದ್ದು ಅದು.

"ಹೌದು," ಎಂದಳು.

"ಹೂಂ?"

"ಹೂಂ ಅಲ್ಲ. ಹೌದು. ಇಷ್ಟ. ಇಲ್ಲೇ ಇರಿ. ನನ್ನ ಜೊತೆ ಇರಿ."

ಅವನು ಏಳಲು ಹೋದ, ಕಾಲು ಜೋಮು ಹಿಡಿದು ಮತ್ತೆ ಕುಸಿದ. ಅವಳು ನಗುತ್ತಾ ಕೈ ಕೊಟ್ಟಳು. ಎದ್ದು ನಿಂತ ಮೇಲೆ ಅವನೂ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಆ ಕಡೆ ಮ್ಯಾನೇಜರು.

"ಏನಯ್ಯಾ, ಪಕ್ಕಾ ತಾನೇ? ಆ ಬ್ರಾಂಚಿನವರಿಗೆ ಹೇಳಿಬಿಡಲಾ?"

"ಇಲ್ಲ ಸಾರ್. ಹೋಗಲ್ಲ, ಇಲ್ಲೇ ಇರ್ತೀನಿ."

"ನಿನ್ನೆ ತನಕ ಕಾಲಲ್ಲಿ ಚಕ್ರ ಕಟ್ಕೊಂಡಿದ್ದೆ. ಈಗೇನಾಯ್ತು?"

ಅವನು ಅವಳತ್ತ ನೋಡಿ ಹುಬ್ಬೇರಿಸಿದ. ಹೇಳಲಾ?

ಅವಳು ಫೋನನ್ನೇ ಅವನ ಕೈಯಿಂದ ತೆಗೆದುಕೊಂಡಳು.

"ನಾನು ಇರಿ ಅಂದೆ ಸಾರ್."

ಮ್ಯಾನೇಜರು ದನಿ ತಗ್ಗಿಸಿ ಹೇಳಿದರು. "ಚಾರ್ಟಮ್ಮ ಅಲ್ವೇನಮ್ಮಾ? ಸ್ವಲ್ಪ ನೋಡ್ಕೊಂಡು ಮಾತಾಡು ತಾಯಿ. ಗಿರಾಕಿಗಳ ಆರ್ಡರಿನ ಲೈನಿದು, ಆಡಿದ್ದೆಲ್ಲಾ ರೆಕಾರ್ಡ್ ಆಗುತ್ತೆ."

"ಆಗಲಿ ಸಾರ್," ಎಂದಳು ಅವಳು.