ಪಾಲೋಕ ಎಣಿಸಿ ಕೊಟ್ಟ ನೋಟುಗಳು

೨೦೧೦ರ ಜೂನ್ ೧೩, ಭಾನುವಾರ. ಬೆಳಗ್ಗೆ ೧೧-೨೦ಕ್ಕೆ ಅಲ್ಬೇನಿಯಾದ ಶ್ಕೊದರ್ ನಗರ ಠಾಣೆಗೆ ಬಂದ ಇಟಲಿಯ ಹೆಂಗಸು ಒಂದು ನೋಟಿನ ಕಟ್ಟನ್ನು ಇನ್‌ಸ್ಪೆಕ್ಟರ್ ಜೊವಾಲಿನನ ಮೇಜಿನ ಮೇಲಿಟ್ಟಳು. ಹೆಸರು ಲೊರೆದಾನಾ, ನಿವೃತ್ತ ನರ್ಸ್. ಅಂಚೆ ಕಚೇರಿ ಮುಂದೆ ನಿಂತು ಹಣ ಬದಲಾಯಿಸಿಕೊಡುವವರಲ್ಲಿ ಒಬ್ಬನಿಗೆ ಹತ್ತು ಗಂಟೆಗೆ ಮುನ್ನೂರು ಯೂರೋ ಕೊಟ್ಟಿದ್ದಳು. ಅವನು ಕೊಟ್ಟ ಆ ದೇಶದ ಲೆಕ್ ನೋಟುಗಳನ್ನು ನೋಡಿ ವಸತಿಗೃಹದ ಯಜಮಾನಿ ನಕ್ಕುಬಿಟ್ಟಿದ್ದಳು. ಅವು ಚಲಾವಣೆ ನಿಂತು ಎಷ್ಟೋ ವರ್ಷ ಕಳೆದಿದ್ದವು.

"ಬ್ಯಾಂಕಿಗೆ ಹೋಗಬಾರದಿತ್ತಾ ತಾಯಿ?"

"ಭಾನುವಾರ ಯಾವ ಬ್ಯಾಂಕು ತೆಗೆದಿರತ್ತೆ? ಬಾಡಿಗೆ ಕೊಟ್ಟು ನಾಲ್ಕರ ಬಸ್ಸು ಹಿಡೀಬೇಕು. ಅದು ತಪ್ಪಿದ್ರೆ ಹಡಗೂ ತಪ್ಪತ್ತೆ. ನನ್ನ ಹತ್ರ ಇದ್ದಿದ್ದೇ ಅಷ್ಟು."

"ಆಳು ಹೇಗಿದ್ದ?"

"ವಯಸ್ಸಾದವರು. ಬಿಳಿ ಮೀಸೆ, ತಲೆಗೆ ಟೋಪಿ."

ಕಾನ್‌ಸ್ಟೆಬಲ್ ಲುಲ್ಯೇತಾ ಪೆನ್ನು ಕೆಳಗಿಟ್ಟಳು. "ಹಂಗಾದ್ರೆ ಅರ್ಧ ಊರನ್ನೇ ಒಳಗೆ ಹಾಕ್ಬೇಕು ಸಾರ್. ನಿಮ್ಮ ಮಾವನೂ ಸೇರಿ."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಜೊವಾಲಿನ್ ತಾನೇ ನೋಟು ಎಣಿಸಿದ. ಹಳೆಯ ಸಾವಿರದ ನೋಟು ನಲವತ್ತೊಂದು, ಈಗಿನ ಇನ್ನೂರರದು ಎರಡು. ಮತ್ತೊಮ್ಮೆ ಎಣಿಸಿದ. ಆ ದಿನದ ದರ ಯೂರೋಗೆ ನೂರಮೂವತ್ತೆಂಟು ಲೆಕ್; ಮುನ್ನೂರಕ್ಕೆ ಸರಿಯಾಗಿ ನಲವತ್ತೊಂದು ಸಾವಿರದ ನಾನೂರು.

"ಒಂದೂ ಕಮ್ಮಿಯಿಲ್ಲ ಕಣೇ. ಮೋಸ ಮಾಡೋನು ನಡುವೆ ಬರೀ ಕಾಗದ ತುರುಕ್ತಾನೆ. ಇಷ್ಟು ನಿಯತ್ತಾಗಿ ಯಾಕೆ ಎಣಿಸ್ತಾನೆ?"

೧೨-೧೦ಕ್ಕೆ ಅವರು ಅಂಚೆ ಕಚೇರಿ ಮುಂದಿದ್ದರು. ಇಪ್ಪತ್ತು ವರ್ಷದಿಂದ ಸೊಂಟಕ್ಕೆ ಚೀಲ ಕಟ್ಟಿಕೊಂಡು ಅಲ್ಲಿ ನಿಲ್ಲುವ ದ್ರಾನೆ ಗುಡುಗಿದಳು: "ನಮ್ಮ ಜಾಗದ ಹೆಸರು ಕೆಡಿಸಿದವನು ಯಾರು? ಕೊಡಿ ಇಲ್ಲಿ!"

ಕಟ್ಟನ್ನು ಮೂಗಿನ ಹತ್ತಿರ ತಂದವಳು ಕಣ್ಣು ಮುಚ್ಚಿ ಮತ್ತೆ ಮತ್ತೆ ಮೂಸಿದಳು. ಜೊವಾಲಿನ್ ಅವಸರ ಮಾಡಲಿಲ್ಲ. ಅಜ್ಜ ಹಾಡುತ್ತಿದ್ದ ವೀರಗೀತೆಗಳನ್ನು ಕೇಳುತ್ತ ಬೆಳೆದವನು; ಹಾಡುವವರು ಉಸಿರು ತೆಗೆದುಕೊಳ್ಳುವಾಗ ಅಡ್ಡ ಬಾಯಿ ಹಾಕಬಾರದೆಂದು ಬಲ್ಲ.

"ಸೇಜ್ ಸೊಪ್ಪಿನ ವಾಸನೆ," ಎಂದಳು ಕೊನೆಗೆ. "ಕೊಪ್ಲಿಕ್ ಕಡೆ ಬೆಟ್ಟದಿಂದ ಕಿತ್ತು ತಂದು ಒಣಗಿಸ್ತಾರಲ್ಲ, ಅದು. ಇಲ್ಲಿ ಹಣ ಬದಲಾಯಿಸೋರಲ್ಲಿ ಆ ಕಡೆಯೋನು ಪಾಲೋಕ ಒಬ್ಬನೇ. ಆದ್ರೆ ಸಾಹೇಬ್ರೆ, ಅವನು ಯಾರ ಕಾಸೂ ಮುಟ್ಟಿದವನಲ್ಲ."

೧೨-೫೫, ಕೊಪ್ಲಿಕ್. ಮನೆ ಮುಂದಿನ ದ್ರಾಕ್ಷಿ ಚಪ್ಪರದ ಕೆಳಗೆ ಪಾಲೋಕ ಕೂತಿದ್ದ. ಮೇಜಿನ ಮೇಲೆ, ಕಾಫಿ ಲೋಟದಡಿ, ಐವತ್ತು ಯೂರೋದ ಆರು ನೋಟು ಹಾಗೇ ಇದ್ದವು.

"ಬನ್ನಿ. ಕಾಯ್ತಾ ಇದ್ದೆ. ಕಾಫಿ ಕುಡೀತೀರಾ?"

"ಆ ಹಳೆ ನೋಟು ಎಲ್ಲಿಂದ ಬಂತು?"

"ನನ್ನ ಹೆಂಡ್ತಿ ಪ್ರೆಂದಾದು. ಎಷ್ಟೋ ಬೇಸಗೆ ಸೊಪ್ಪು ಕಿತ್ತು ಮಾರಿ ಕೂಡಿಟ್ಟಿದ್ಲು. ನಂಗೆ ಹೇಳಿರ್ಲಿಲ್ಲ. ಅವಳು ತೀರಿಹೋದ್ಮೇಲೆ ಸೊಪ್ಪಿನ ಚೀಲದ ತಳದಲ್ಲಿ ಸಿಕ್ತು. ಬ್ಯಾಂಕಿಗೆ ಒಯ್ದೆ. ಬದಲಾಯಿಸೋ ಗಡುವು ಮುಗೀತು ಅಂದ ಅಲ್ಲಿನೋನು. ನೋಡ್ಲೂ ಇಲ್ಲ ಸಾಹೇಬ್ರೆ, ಬೆರಳ ತುದೀಲಿ ತಳ್ಳಿಬಿಟ್ಟ."

"ಪೂರ್ತಿ ಎಣಿಸಿ ಕೊಟ್ಯಲ್ಲ, ಯಾಕೆ?"

ಪಾಲೋಕ ಅಚ್ಚರಿಯಿಂದ ತಲೆಯೆತ್ತಿದ. "ಕಮ್ಮಿ ಕೊಟ್ರೆ ಮೋಸ ಆಗ್ತಿರ್ಲಿಲ್ವಾ?"

ನಗು ಬಂದ ಲುಲ್ಯೇತಾ ಮುಖ ತಿರುಗಿಸಿದಳು. ಆದರೆ ನಗಲಾಗಲಿಲ್ಲ.

೧-೩೦ಕ್ಕೆ ಬಂಧನ. ೩-೧೦ಕ್ಕೆ ರಜಾದಿನದ ಸರದಿಯಲ್ಲಿದ್ದ ನ್ಯಾಯಾಧೀಶರ ಅನುಮತಿ ಪಡೆದು ಮುನ್ನೂರು ಯೂರೋ ಲೊರೆದಾನಾಗೆ ಮರಳಿತು. ನಡೆದದ್ದನ್ನು ಕೇಳಿದ ಆಕೆ ಬಾಗಿಲಲ್ಲಿ ನಿಂತಳು. "ಅವರು ಒಂದೊಂದು ನೋಟನ್ನೂ ಸವರಿ ಸವರಿ ಕೊಟ್ರು. ಎಷ್ಟು ನಿಧಾನ ಅಂತ ಮನಸ್ಸಲ್ಲೇ ಬೈಕೊಂಡಿದ್ದೆ. ಅವರಿಗೆ ಜಾಸ್ತಿ ಶಿಕ್ಷೆ ಬೇಡ ಅಂತ ಬರ್ಕೊಳ್ಳಿ." ಬರೆದುಕೊಂಡರು. ನಾಲ್ಕರ ಬಸ್ಸಿಗೆ ಲುಲ್ಯೇತಾಳೇ ಅವಳ ಪೆಟ್ಟಿಗೆ ಹೊತ್ತು ಹತ್ತಿಸಿ ಬಂದಳು.

ವರದಿಯಲ್ಲಿ ‘ಅಪರಾಧದ ಉದ್ದೇಶ’ ಎಂಬ ಕಡೆ ಜೊವಾಲಿನ್ ‘ಹಣದಾಸೆ’ ಎಂದು ಬರೆದ. ಸ್ವಲ್ಪ ಹೊತ್ತು ನೋಡಿ ಅದನ್ನು ಹೊಡೆದುಹಾಕಿದ. ಕೆಳಗೆ ಬರೆದ: ‘ಹೆಂಡತಿಯ ದುಡಿಮೆಯನ್ನು ಯಾರಾದರೂ ಒಬ್ಬರು ಹಣವೆಂದು ಕೈಚಾಚಿ ತೆಗೆದುಕೊಳ್ಳಲಿ ಎಂಬ ಆಸೆ.’