ಉದಯಾಚಾರ್ಯರ ಎರಡು ನಿಮಿಷ

ಸ್ಟ್ರಾಟ್‌ಫರ್ಡ್‌ನ ಆ ಗೃಹಪ್ರವೇಶದ ದಿನ ಲಿಫ್ಟ್ ಕೆಟ್ಟಿತ್ತು. ಸಾರು, ಪಲ್ಯ, ಪಾಯಸದ ಡಬರಿಗಳನ್ನು ಒಂಬತ್ತನೆಯ ಮಹಡಿಗೆ ಹೊತ್ತವನು ಅಡುಗೆಯವರ ಕಡೆಯ ಉದಯಶಂಕರ್. ಬರಿಗೈಯಲ್ಲಿ ಏರಿಬಂದ ಪುರೋಹಿತರಿಗೆ ಶಾಲು, ಫಲ, ದಕ್ಷಿಣೆ, ಮನೆಮಂದಿಯ ನಮಸ್ಕಾರ. ಅವನಿಗೆ ಸಿಕ್ಕಿದ್ದು ಒಂದು ಮಾತು: "ಪಾತ್ರೆ ಬೇಗ ತಗೊಂಡ್ಹೋಗಿ, ಕಾರ್ಪೆಟ್ ಕೊಳೆಯಾಗತ್ತೆ." ಊಟ ಆಯಿತೇ ಎಂದು ಯಾರೂ ಕೇಳಲಿಲ್ಲ. ಖಾಲಿ ಡಬರಿ ಹೊತ್ತು ಇಳಿಯುವಾಗ, ಆರನೆಯ ಮಹಡಿಯ ತಿರುವಿನಲ್ಲಿ, ಅವನಿಗೆ ಯೋಚನೆ ಹೊಳೆಯಿತು.

ಸಣ್ಣಪುಟ್ಟ ಮೋಸ ಅವನಿಗೆ ಹೊಸದಲ್ಲ. ಇಲ್ಲದ ಕ್ರಿಕೆಟ್ ಟಿಕೆಟ್ ಮಾರಿದ್ದ, ಯಾರದೋ ಫ್ಲ್ಯಾಟ್ ತೋರಿಸಿ ಅಡ್ವಾನ್ಸ್ ಪಡೆದಿದ್ದ. ಅಲ್ಲೆಲ್ಲ ಜನ ನೂರೆಂಟು ಪ್ರಶ್ನೆ ಕೇಳುತ್ತಿದ್ದರು. ಪುರೋಹಿತರನ್ನು ಯಾರೂ ಏನೂ ಕೇಳುವುದಿಲ್ಲ.

ಮೂರು ತಿಂಗಳು ಹೇಸ್‌ನಿಂದ ರೈಲಿನಲ್ಲಿ ಓಡಾಡುತ್ತ, ಇಯರ್‌ಫೋನ್ ಸಿಕ್ಕಿಸಿಕೊಂಡು, ಸಂಕಲ್ಪದಿಂದ ಮಂಗಳಾರತಿಯವರೆಗೆ ಬಾಯಿಪಾಠ ಮಾಡಿದ. ನಾಲಿಗೆ ತೊಡರುವ ಕಡೆ ಗಂಟೆ ಬಾರಿಸಿದರಾಯಿತು. ಗಡ್ಡ ಬೋಳಿಸಿ, ರೇಷ್ಮೆ ಪಂಚೆ ಕೊಂಡು, ಉದಯಾಚಾರ್ಯನಾದ.

ರೇನರ್ಸ್ ಲೇನ್‌ನಲ್ಲಿ ಮನೆ ಕೊಂಡಿದ್ದ ಧಾರವಾಡದ ದಂಪತಿ, ವೇಣುಗೋಪಾಲ ಮತ್ತು ಅಂಕಿತಾ, ವಾಟ್ಸಾಪ್ ಗುಂಪಿನಲ್ಲಿ ಪುರೋಹಿತರನ್ನು ಹುಡುಕುತ್ತಿದ್ದರು.

"ಲಕ್ಷ್ಮಿಗೆ ಮನೆತನದ ಒಡವೆ ಒಂದು ಹಾಕ್ಬೇಕಮ್ಮಾ," ಎಂದ ಉದಯಾಚಾರ್ಯ, ಅಂಕಿತಾಳಿಗೆ ಫೋನಿನಲ್ಲಿ. "ಕಲಶಕ್ಕೆ ಸರಿಹೋಗತ್ತಾ ನೋಡ್ತೀನಿ, ಫೋಟೋ ಕಳಿಸಿ."

ಅಂಕಿತಾಳಿಗೆ ಅವಳ ಅಜ್ಜಿ ಕೊಟ್ಟ, ಚಿನ್ನದ ಗುಂಡುಗಳ ಬೋರಮಾಳ ಸರದ ಫೋಟೋ ಹತ್ತೇ ನಿಮಿಷದಲ್ಲಿ ಬಂತು, ಅದೂ ಮೂರು ಕೋನಗಳಿಂದ. ಸೌತಾಲ್‌ನಲ್ಲಿ ಅದರದೇ ಅಚ್ಚಿನಂಥ ಗಿಲೀಟಿನ ಸರ ಸಿಕ್ಕಿತು. ಪೂಜೆಯ ನಂತರ ಗಿಲೀಟು ಲಾಕರಿಗೆ ಹೋಗುತ್ತದೆ. ಬಣ್ಣ ಮಾಸಿ ಯಾರಾದರೂ ಗಮನಿಸುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಬೈಸಿಕೊಳ್ಳುವವನು ಧಾರವಾಡದ ಅಕ್ಕಸಾಲಿಗ. ಯೋಜನೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ. ಎಲ್ಲೂ ತೂತಿರಲಿಲ್ಲ.

ಶನಿವಾರ ಬೆಳಿಗ್ಗೆ ಹಾಲು ಉಕ್ಕಿತು. ವೇಣುಗೋಪಾಲ ಕಾಲಿಗೆರಗಿದಾಗ ಉದಯಶಂಕರನ ಕಣ್ಣು ನಿಜಕ್ಕೂ ತೇವವಾಯಿತು; ಇದೇ ವೃತ್ತಿಯಲ್ಲಿ ಪ್ರಾಮಾಣಿಕವಾಗಿ ಇದ್ದುಬಿಡಲೇ ಎಂದೂ ಒಂದು ಕ್ಷಣ ಅನಿಸಿತು. ಆ ಕ್ಷಣ ದಾಟಿತು.

"ಈಗ ಎರಡು ನಿಮಿಷ ಎಲ್ಲರೂ ಕಣ್ಮುಚ್ಚಿ ಕುಲದೇವರನ್ನ ನೆನೆಸ್ಕೊಳ್ಳಿ. ಮಧ್ಯೆ ತೆರೆದ್ರೆ ಫಲ ಇಲ್ಲ."

ಕೋಣೆಯಲ್ಲಿ ಆರು ಜನ. ಒಬ್ಬೊಬ್ಬರನ್ನೇ ನೋಡಿದ; ಎಲ್ಲರ ಕಣ್ಣೂ ಮುಚ್ಚಿತ್ತು. ಎಡಗೈ ಗಂಟೆ ಬಾರಿಸುತ್ತಿರುವಾಗಲೇ ಬಲಗೈ ಕಲಶದ ಕೊರಳಿನ ಸರವನ್ನು ಚೀಲಕ್ಕಿಳಿಸಿ, ಗಿಲೀಟಿನದನ್ನು ತೊಡಿಸಿತು. ಒಂದು ಹೂವೂ ಅಲುಗಲಿಲ್ಲ. ಗಂಟೆ ಕೆಳಗಿಟ್ಟು, "ಕಣ್ ಬಿಡಿ," ಎಂದ ನಗುತ್ತ.

"ಆಚಾರ್ರ," ಎಂದಿತು ಒಂದು ಹೆಣ್ಣು ಧ್ವನಿ. ಅದು ಬಂದದ್ದು ಕಿಟಕಿಯ ಬಳಿ ಹಣ್ಣಿನ ಬುಟ್ಟಿಗೆ ಒರಗಿಸಿಟ್ಟಿದ್ದ ಅಂಕಿತಾಳ ಫೋನಿನಿಂದ. ಹಾಲು ಉಕ್ಕುವ ಮೊದಲೇ ಹಚ್ಚಿದ್ದ ವಿಡಿಯೋ ಕಾಲ್ ಇನ್ನೂ ನಡೆಯುತ್ತಿತ್ತು. ಪರದೆಯ ತುಂಬ ಧಾರವಾಡದ ಅಜ್ಜಿಯ ಮುಖ. "ನಾ ಕಣ್ಣು ಮುಚ್ಚಲಿಲ್ರಿ, ತಪ್ಪು ತಿಳೀಬ್ಯಾಡ್ರಿ. ಮೊನ್ನೆ ಕಣ್ಣಿನ ಪೊರಿ ತಗಸೀನಿ, ಎಷ್ಟು ನೋಡಿದ್ರೂ ಸಾಲವಲ್ದು. ಅದಿರ್ಲಿ, ನನ್ನ ಬೋರಮಾಳ ನಿಮ್ಮ ಚೀಲದಾಗ ಯಾಕ ಹೋತ್ರಿ?"