ಕುತ್ತಿಗೆಗೆ ಸೂಜಿ

"ಹ್ವಾಯ್ ಸಿಸ್ಟರ್, ಸೂಜಿ ಕುತ್ತಿಗೆಗೆ ಅಲ್ದಾ? ಹುಡ್ಗಿ ಹೆದ್ರ್‌ಕಂಡಿತ್."

ಹೆಮ್ಮಾಡಿಯ ಕ್ಲಿನಿಕ್ಕಿನಲ್ಲಿ ನರ್ಸ್ ಗಿರಿಜಾ ತಲೆಯೆತ್ತಿದಳು. ನಾವುಂದದ ಮೀನಿನ ವ್ಯಾಪಾರಿ ಉಲ್ಲಾಸ್ ನಿಂತಿದ್ದ. ಪಕ್ಕದಲ್ಲಿ ಅವನ ಅಕ್ಕನ ಮಗಳು, ಹನ್ನೊಂದರ ಅನಿಷಾ, ಮೇ ತಿಂಗಳ ಸೆಕೆಯಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು.

ಅವನ ಕೈಲಿದ್ದ ಚೀಟಿಯಲ್ಲಿ 'ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ' ಎಂದಿತ್ತು. ಕಂಠವೆಂದರೆ ಕುತ್ತಿಗೆ ತಾನೇ, ಎಂದುಕೊಂಡಿದ್ದಾನೆ! ಗಿರಿಜಾಳಿಗೆ ನಗು ತಡೆಯಲಾಗಲಿಲ್ಲ.

ಅವನ ಮುಖ ಕೆಂಪಾಯಿತು. "ಹೋಪ, ಅನಿಷಾ."

ಗಿರಿಜಾ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. "ತಪ್ಪಾಯ್ತ್ ಮರ್ರೆ. ಕೂಕಣಿ."

ಹುಡುಗಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಅವನು ಮೆಲ್ಲಗೆ ಹೇಳಿದ: "ನನ್ನ ಅಕ್ಕ ಇದ್ರಾಗೇ ಸತ್ತದ್. ಡಾಕ್ಟ್ರ್ ಕಂಠ ಅಂದ್ರ್, ನಾವ್ ಗಂಟ್ಲ್ ಅಂದ್ಕಂಡದ್. ಬಿಡ್ಸಿ ಕೇಂಬುಕೆ ನಾಚ್ಕಿ, ತಡ ಆಯ್ತ್. ಈಗ ಅಮ್ಮ, ಮದಿ ಆಗ್ದಿದ್, ಗಂಡ್ನ ಕಾಣ್ದಿದ್ ಹೆಣ್ಣಿಗೆ ಇದೆಲ್ಲ ಎಂತಕ್ ಅಂತ್ರ್."

ಗಿರಿಜಾ ಅವನನ್ನು ಒಳಗೆ ಕೂರಿಸಿದಳು. ಗೋಡೆಯ ಚಿತ್ರದಲ್ಲಿ ಗರ್ಭಕೋಶದ ಬಾಯಿಯನ್ನು ತೋರಿಸಿದಳು. "ಕಂಠ ಅಂದ್ರೆ ಇದ್. ಮದಿಗೂ ಮುಂಚೆ, ಈ ಪ್ರಾಯದಾಗೆ ಹಾಕ್ರೇ ಲಾಯ್ಕ್. ಸೂಜಿ ತೋಳಿಗೆ."

ಕಿವಿ ಕೆಂಪಾದರೂ ಅವನು ಕಣ್ಣು ತಪ್ಪಿಸಲಿಲ್ಲ. ಆ ಚಿತ್ರದೆದುರು ಇಷ್ಟು ಹೊತ್ತು ಕೂತು ಕೇಳಿದ ಗಂಡಸನ್ನು ಅವಳು ಕಂಡಿರಲಿಲ್ಲ. ಇವನು ಯಾರಪ್ಪಾ ಎಂದು ಅವಳ ಮನಸ್ಸು ಕುಣಿಯಿತು.

ಅವನು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ. ಸೂಜಿ ಚುಚ್ಚಿದ್ದು ಅನಿಷಾಳಿಗೆ, ಕಣ್ಣು ಮುಚ್ಚಿಕೊಂಡದ್ದು ಮಾವ.

"ಎರಡ್ನೇದ್ ಯಾವಾಗ?"

"ಆರ್ ತಿಂಗ್ಳ್ ಬಿಟ್."

"ಅಷ್ಟ್ ದಿನವಾ!" ಎಂದವನು ಅವಳನ್ನೇ ನೋಡುತ್ತಿದ್ದ.

ನವೆಂಬರಿನ ಆ ತಾರೀಕಿಗೆ ಗಿರಿಜಾ ಕೆಂಪು ಸುತ್ತು ಹಾಕಿದಳು. ಆ ದಿನ ಮಲ್ಲಿಗೆ ಮುಡಿದು ಬಂದಳು. ಹತ್ತಾಯಿತು, ಹನ್ನೊಂದಾಯಿತು, ಅವನ ಸುಳಿವಿಲ್ಲ. ಅನಿಷಾಳ ಅಜ್ಜಿ ಬೇಡವೆಂದು ಹಟ ಹಿಡಿದರೋ? ಅವಳಿಗೆ ಅಳುವೇ ಬಂತು.

ಆಗ ಟೆಂಪೋ ಹಾರ್ನ್ ಕೇಳಿಸಿತು. ಮೊದಲು ಇಳಿದದ್ದು ಅಜ್ಜಿ ಗುಲಾಬಿ, ಹಿಂದೆ ಅನಿಷಾ, ಅವಳ ಹಿಂದೆ ಕೇರಿಯ ನಾಲ್ಕು ಹುಡುಗಿಯರು, ಅವರ ಅಮ್ಮಂದಿರು.

"ಕಂಠ ಅಂದ್ರೆ ಎಂತ ಅಂದೇಳಿ ಮನೆಮನೆಗೂ ಹೇಳಿ ಬಂದೆ," ಎಂದ ಉಲ್ಲಾಸ್, ಬೆವರು ಒರೆಸಿಕೊಳ್ಳುತ್ತ.

ಅನಿಷಾಳ ಎರಡನೇ ಸೂಜಿಯೂ ಮುಗಿಯಿತು. ಅವನು ಹೊರಡಲೊಲ್ಲ.

"ಮೂರ್ನೇದ್ ಯಾವಾಗ?"

"ಈ ಪ್ರಾಯಕ್ಕೆ ಎರಡೇ. ಮೂರ್ನೇದ್ ಇಲ್ಲೆ."

ಅವನ ಮುಖ ಬಾಡಿತು. "ಹಾಂಗಾರೆ ನಾನ್ ಇನ್ ಎಂತ ಹೇಳ್ಕಂಡ್ ಬಪ್ಪುದ್, ಗಿರಿಜಾ? ನಿಮ್ಮನ್ ಕಾಣ್ದೆ ಆರ್ ತಿಂಗ್ಳ್ ಕಳ್ದದ್ದೇ ಸಾಕಾಯ್ತ್."

ಅವಳ ಕೈಲಿದ್ದ ಹತ್ತಿಯುಂಡೆ ಜಾರಿಬಿತ್ತು. ಆದರೂ ತುಟಿಯಂಚಿನಲ್ಲಿ ತುಂಟತನ ಬಿಡಲಿಲ್ಲ.

"ಅಮ್ಮನ್ ಕರ್ಕಂಡ್ ಕೋಟಕ್ಕೆ, ನಮ್ಮನೆಗ್ ಬನಿ. ತೋಳಿಂದ್ ಮುಗೀತ್. ಕುತ್ತಿಗೆಗೆ ಕಟ್ಟುಕೆ ಇನ್ನೊಂದ್ ಇತ್ತಲೆ, ಕರಿಮಣಿ."